ಗರ್ಭಸ್ಥ ಶಿಶುವಿನ ಮೆದುಳಿನ ರಕ್ತಸಂಚಾರ ಮತ್ತು ಡಾಪ್ಲರ್ ಪರೀಕ್ಷೆ

“ಮೊದಲನೆಯ ಹೆರಿಗೆ ಸುಸೂತ್ರವಾಗಿಯೇ ಆಯಿತು; ಎರಡನೆಯ ಬಸಿರಿಗೆ ಇಷ್ಟೊಂದು ಪರೀಕ್ಷೆಗಳು ಏಕೆ?” ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯಿಂದ ಸೊಸೆಯನ್ನು ಆಸ್ಪತ್ರೆಗೆ ಕರೆತರುವ ಹಿರಿಯರು ಹೀಗೆ ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಆದರೆ ತಾಯಿಯ ರಕ್ತ ‘ಆರ್‌ಎಚ್ ನೆಗೆಟಿವ್’ ಆಗಿದ್ದಲ್ಲಿ, ಅಪಾಯವು ಸಾಮಾನ್ಯವಾಗಿ ಆರಂಭವಾಗುವುದು ಎರಡನೆಯ ಬಸಿರಿನಲ್ಲಿಯೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

ತೊಂದರೆಯ ಮೂಲ

ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಜನ ಆರ್‌ಎಚ್ ನೆಗೆಟಿವ್ ಗುಂಪಿನವರು. ಇದು ರೋಗವಲ್ಲ. ತಂದೆಯ ರಕ್ತ ಪಾಸಿಟಿವ್ ಆಗಿದ್ದು, ಮಗುವಿಗೂ ಅದೇ ಗುಂಪು ಬಂದಲ್ಲಿ, ಹೆರಿಗೆಯ ಸಮಯದಲ್ಲಿ ಮಗುವಿನ ರಕ್ತಕಣಗಳು ತಾಯಿಯ ರಕ್ತವನ್ನು ಸೇರಬಹುದು. ತಾಯಿಯ ದೇಹವು ಅವುಗಳನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆ ವೇಳೆಗೆ ಮೊದಲ ಮಗು ಜನಿಸಿರುವುದರಿಂದ ಅದಕ್ಕೆ ಬಾಧೆಯಿಲ್ಲ. ಮುಂದಿನ ಬಸಿರಿನಲ್ಲಿ ಈ ಪ್ರತಿಕಾಯಗಳು ಮಾಸುವಿನ ಮೂಲಕ ಶಿಶುವನ್ನು ಸೇರಿ, ಅದರ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ರಕ್ತಹೀನತೆ ತೀವ್ರವಾದರೆ ಶಿಶುವಿನ ದೇಹದಲ್ಲಿ ನೀರು ತುಂಬಿ, ಅದು ಗರ್ಭದಲ್ಲಿಯೇ ಮೃತಪಡಬಹುದು.

ಪರೀಕ್ಷೆಯ ತತ್ತ್ವ

ಗರ್ಭದೊಳಗಿನ ಶಿಶುವಿನ ರಕ್ತಹೀನತೆಯನ್ನು ಹೊರಗಿನಿಂದ ತಿಳಿಯುವುದು ಹೇಗೆ? ಹೊಸಪೇಟೆಯ ನಿಲ್ದಾಣದಲ್ಲಿ ನಿಲ್ಲದೆ ಸಾಗುವ ಅದಿರಿನ ರೈಲನ್ನು ನೆನೆಯಿರಿ. ಅದು ಸಮೀಪಿಸುವಾಗ ಸಿಳ್ಳು ಏರುದನಿಯಲ್ಲಿಯೂ, ದಾಟಿಹೋದಾಗ ಇಳಿದನಿಯಲ್ಲಿಯೂ ಕೇಳುತ್ತದೆ. ಈ ತತ್ತ್ವವನ್ನು 1842ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದನು. ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ತಾಯಿಯ ಹೊಟ್ಟೆಯ ಮೂಲಕ ಕಳುಹಿಸಿದಾಗ, ಅದು ಶಿಶುವಿನ ಚಲಿಸುವ ರಕ್ತಕಣಗಳಿಗೆ ತಗುಲಿ ಬದಲಾದ ದನಿಯಲ್ಲಿ ಮರಳುತ್ತದೆ. ಈ ಬದಲಾವಣೆಯಿಂದ ರಕ್ತದ ವೇಗವನ್ನು ಯಂತ್ರವು ಲೆಕ್ಕಹಾಕುತ್ತದೆ.

ಆಲೆಮನೆಯಲ್ಲಿ ಬೆಲ್ಲದ ಪಾಕಕ್ಕಿಂತ ತಿಳಿಯಾದ ಕಬ್ಬಿನ ಹಾಲು ವೇಗವಾಗಿ ಹರಿಯುವುದಷ್ಟೆ. ಅದೇ ರೀತಿ ರಕ್ತಕಣಗಳು ಕಡಿಮೆಯಾದಾಗ ರಕ್ತವು ತೆಳುವಾಗುತ್ತದೆ. ಹೃದಯವೂ ಹೆಚ್ಚು ರಕ್ತವನ್ನು ದೂಡುತ್ತದೆ. ಆದುದರಿಂದ ಮೆದುಳಿನ ಮಧ್ಯ ಧಮನಿಯಲ್ಲಿ ರಕ್ತದ ವೇಗ ಹೆಚ್ಚುತ್ತದೆ. 2000ರಲ್ಲಿ ಡಾ. ಮಾರಿ ಮತ್ತು ಅವರ ಸಂಗಡಿಗರು, ಇಂತಹ ಅಪಾಯವಿದ್ದ 111 ಶಿಶುಗಳನ್ನು ಪರೀಕ್ಷಿಸಿ, ಈ ವೇಗವು ಆಯಾ ವಾರಕ್ಕೆ ಸಹಜವಾದ ಮಧ್ಯಮ ಮಟ್ಟದ ಒಂದೂವರೆ ಪಟ್ಟನ್ನು ಮೀರಿದಲ್ಲಿ ರಕ್ತಹೀನತೆಯನ್ನು ಶಂಕಿಸಬೇಕೆಂದು ತೋರಿಸಿದರು. ಅದಕ್ಕೆ ಮುನ್ನ ಗರ್ಭಕೋಶಕ್ಕೆ ಸೂಜಿ ಚುಚ್ಚಿ, ಶಿಶುವಿನ ಸುತ್ತಲಿನ ನೀರನ್ನು ತೆಗೆದು ಪರೀಕ್ಷಿಸಬೇಕಾಗಿತ್ತು. ಡಾಪ್ಲರ್ ಪರೀಕ್ಷೆಯಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ.

ಯಾರಿಗೆ, ಯಾವಾಗ?

ಈ ಪರೀಕ್ಷೆ ಎಲ್ಲ ಗರ್ಭಿಣಿಯರಿಗೂ ಅಗತ್ಯವಿಲ್ಲ. ತಾಯಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದು, ಅವುಗಳ ಪ್ರಮಾಣ ಏರಿದ್ದರೆ, ಸುಮಾರು 18ರಿಂದ 35ನೆಯ ವಾರದವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸಬೇಕು. ವೇಗ ಮಿತಿಮೀರಿದಲ್ಲಿ ಹೊಕ್ಕುಳಬಳ್ಳಿಯ ಮೂಲಕ ಗರ್ಭದಲ್ಲಿಯೇ ಶಿಶುವಿಗೆ ರಕ್ತ ನೀಡುವ ಚಿಕಿತ್ಸೆಯುಂಟು. ಇದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ. ಬೆಂಗಳೂರು ಹೊಸಪೇಟೆಯಿಂದ ಒಂದು ರಾತ್ರಿಯ ಪ್ರಯಾಣ. ವೈದ್ಯರು ಕಳುಹಿಸಿದಾಗ ತಡಮಾಡಬೇಡಿರಿ. ದಿನ ತುಂಬುತ್ತಾ ಬಂದಿದ್ದರೆ ಹೆರಿಗೆಯನ್ನೇ ಬೇಗ ಮಾಡಿಸಲಾಗುತ್ತದೆ.

ಮಗು ಗಂಡೋ ಹೆಣ್ಣೋ ಎಂದು ಯಾವ ಸ್ಕ್ಯಾನಿಂಗ್ ಕೇಂದ್ರದಲ್ಲಿಯೂ ಕೇಳಬಾರದು. 1994ರ ಕಾಯಿದೆಯಂತೆ ಅದನ್ನು ತಿಳಿಸುವುದು ಅಪರಾಧ.

ಮುನ್ನೆಚ್ಚರಿಕೆಯೇ ಮೇಲು

ಈ ಸಂಕಟವನ್ನು ಬಹುಮಟ್ಟಿಗೆ ತಡೆಗಟ್ಟಬಹುದು. ನೆನಪಿನಲ್ಲಿಡಿರಿ:

1. ಬಸಿರಿನ ಮೊದಲ ತಿಂಗಳುಗಳಲ್ಲಿಯೇ ರಕ್ತದ ಗುಂಪನ್ನು ಪರೀಕ್ಷಿಸಿ, ತಾಯಿ ಕಾರ್ಡಿನಲ್ಲಿ ಬರೆಸಿರಿ. ನೆಗೆಟಿವ್ ಆಗಿದ್ದಲ್ಲಿ ಪತಿಯ ಗುಂಪನ್ನೂ ತಿಳಿದುಕೊಳ್ಳಿರಿ.

2. ಪ್ರತಿಕಾಯಗಳಿಲ್ಲದ ನೆಗೆಟಿವ್ ತಾಯಿಗೆ 28ನೆಯ ವಾರದ ಸುಮಾರಿಗೆ ‘ಆಂಟಿ-ಡಿ’ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಗಳೊಳಗೆ ಇದನ್ನು ತಪ್ಪದೆ ಹಾಕಿಸಿರಿ.

3. ಗರ್ಭಪಾತವಾದರೂ, ಬಸಿರಿನಲ್ಲಿ ರಕ್ತಸ್ರಾವವಾದರೂ, ಹೊಟ್ಟೆಗೆ ಪೆಟ್ಟಾದರೂ ಕೂಡಲೇ ವೈದ್ಯರಿಗೆ ತಿಳಿಸಿರಿ.

ಪ್ರತಿಕಾಯಗಳು ಒಮ್ಮೆ ಹುಟ್ಟಿಕೊಂಡ ಮೇಲೆ ಈ ಚುಚ್ಚುಮದ್ದು ಫಲಕೊಡದು. ಮೊದಲ ಹೆರಿಗೆಯ ಸಂತೋಷದಲ್ಲಿ ಆ ಮೂರು ದಿನಗಳನ್ನು ಮರೆಯದಿರಿ; ಎರಡನೆಯ ಮಗುವಿನ ರಕ್ಷಣೆ ಅಲ್ಲಿಯೇ ಅಡಗಿದೆ.