ಬಿತ್ತನೆ ಬೀಜ ಬೇರೆ ಇರಲಿ: ಮನೆ, ಅಂಗಡಿಯ ಕಂಪ್ಯೂಟರ್ ಕಾಯುವ ಮೊದಲ ಪಾಠ

ಹೊಸದಾಗಿ ಕಂಪ್ಯೂಟರ್ ಕೊಂಡವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಯಾವ ಆ್ಯಂಟಿವೈರಸ್ ಹಾಕಿಸಲಿ ಸಾರ್?' ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೂ ಇದನ್ನೇ ಕೇಳುತ್ತಾರೆ, ಹಿರಿಯೂರಿನ ಗೊಬ್ಬರದ ಅಂಗಡಿಯವರೂ ಕೇಳುತ್ತಾರೆ, ಹೊಸದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟ ಹುಡುಗನೂ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಮುಂಚೆ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಆನ್ ಆಗಲಿಲ್ಲ ಎಂದರೆ ಏನೇನು ಹೋಗುತ್ತದೆ?

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಟ್ಯಾಲಿಯಲ್ಲಿರುವ ಲೆಕ್ಕ, ಯಾರ ಬಳಿ ಎಷ್ಟು ಉದ್ರಿ ಬಾಕಿ, ಜಿಎಸ್‌ಟಿ ಬಿಲ್ಲುಗಳು, ಬಾಡಿಗೆ ಕರಾರು, ಜಮೀನಿನ ಪತ್ರಗಳ ಸ್ಕ್ಯಾನ್, ಮಗಳ ಮದುವೆಯ ಫೋಟೊ, ತೀರಿಕೊಂಡ ಅಜ್ಜಿಯ ದನಿ ಇರುವ ವಿಡಿಯೊ. ಈಗ ಪಟ್ಟಿಯನ್ನು ಓದಿ ನೋಡಿ. ಕಂಪ್ಯೂಟರನ್ನು ಚಿತ್ರದುರ್ಗಕ್ಕೆ ಹೋಗಿ ಸಂಜೆಯೊಳಗೆ ಮತ್ತೆ ಕೊಂಡು ತರಬಹುದು. ವಿಂಡೋಸ್, ಟ್ಯಾಲಿ ಎಲ್ಲವನ್ನೂ ಮತ್ತೆ ಹಾಕಿಸಬಹುದು. ನೀವು ಬರೆದ ಪಟ್ಟಿಯಲ್ಲಿ ಇರುವ ಒಂದನ್ನೂ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ನಾವು ಕಾಯಬೇಕಾದದ್ದು ಅದನ್ನು. ಹಾಗಾಗಿ ನಮ್ಮ ಮೊದಲ ಪಾಠ ಕಳ್ಳನನ್ನು ತಡೆಯುವುದರ ಬಗ್ಗೆ ಅಲ್ಲ, ಇನ್ನೊಂದು ಪ್ರತಿಯನ್ನು ಬೇರೆ ಇಡುವುದರ ಬಗ್ಗೆ.

ಮಾಹಿತಿ ಹೋಗುವುದು ಹೇಗೆ?

ಹೆಚ್ಚಿನವರು ಹೆದರುವುದು ವೈರಸ್‌ಗೆ. ಆದರೆ ಹಾರ್ಡ್ ಡಿಸ್ಕ್ ತಾನಾಗಿಯೇ ಕೆಡುತ್ತದೆ. ಅದು ತಿರುಗುವ ಯಂತ್ರ. ಸೆಕೆ, ಧೂಳು, ಹಠಾತ್ತನೆ ಹೋಗಿ ಬರುವ ಕರೆಂಟು ಎಲ್ಲವೂ ಅದನ್ನು ಸವೆಸುತ್ತವೆ. ಬರೆಯುತ್ತಿರುವಾಗ ಕರೆಂಟು ಹೋದರೆ ಆ ಫೈಲೇ ಅರ್ಧಂಬರ್ಧ ಆಗಿ ಕೆಡಬಹುದು. ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದವರು ಒಂದು ಯುಪಿಎಸ್ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಅದು ಗಂಟೆಗಟ್ಟಲೆ ಕೆಲಸ ಮಾಡಲು ಅಲ್ಲ, ಫೈಲ್ ಉಳಿಸಿ ಸರಿಯಾಗಿ ಬಂದ್ ಮಾಡಲು ಸಿಗುವ ಹತ್ತು ನಿಮಿಷ.

ಮಾಹಿತಿ ಕೈತಪ್ಪಿನಿಂದಲೂ ಹೋಗುತ್ತದೆ: ಬೇಡದ ಫೋಲ್ಡರ್ ಎಂದು ಬೇಕಾದದ್ದನ್ನೇ ಅಳಿಸುವುದು. ಕಳವಿನಿಂದ ಹೋಗುತ್ತದೆ, ಬೆಂಕಿಯಿಂದ, ಸೋರುವ ಸೂರಿನಿಂದ ಹೋಗುತ್ತದೆ. ಇವುಗಳ ಜೊತೆಗೆ ಸೇರಿದ್ದು ರ್‍ಯಾನ್ಸಮ್‌ವೇರ್.

ರ್‍ಯಾನ್ಸಮ್‌ವೇರ್ ಎಂಬುದು ನಿಮ್ಮ ಫೈಲುಗಳಿಗೆ ಬೀಗ ಹಾಕುವ ತಂತ್ರಾಂಶ. ಫೈಲು ಇದ್ದಲ್ಲೇ ಇರುತ್ತದೆ, ಹೆಸರೂ ಕಾಣುತ್ತದೆ, ತೆರೆದರೆ ಮಾತ್ರ ಅರ್ಥವಿಲ್ಲದ ಅಕ್ಷರಗಳ ರಾಶಿ. ಗಣಿತದ ಸೂತ್ರದಿಂದ ಗೂಢಲಿಪಿಗೆ ತಿರುಗಿಸಿದ ಫೈಲನ್ನು ಅದರ ಕೀಲಿ ಇಲ್ಲದೆ ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಆ ಕೀಲಿ ಇರುವುದು ಎಲ್ಲೋ ಕುಳಿತ ವಂಚಕನ ಬಳಿ. ಹಣ ಕೊಟ್ಟರೆ ಕೀಲಿ ಕೊಡುತ್ತೇನೆ ಎನ್ನುತ್ತಾನೆ. ಕೊಟ್ಟೇ ಕೊಡುತ್ತಾನೆ ಎಂಬ ಖಾತ್ರಿ ಯಾರಿಗೂ ಇಲ್ಲ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಆದದ್ದು ಇದೇ. ಐದು ಸರ್ವರುಗಳ ಮಾಹಿತಿ ಬೀಗಕ್ಕೆ ಸಿಕ್ಕಿತು. ಹೊರರೋಗಿಗಳ ಚೀಟಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ಸಿಬ್ಬಂದಿ ದಿನಗಟ್ಟಲೆ ಕೈಯಲ್ಲಿ ಬರೆದರು. ಆಮೇಲೆ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಹೊಸಬರು ಗಮನಿಸಬೇಕಾದ ಒಂದು ಮಾತಿದೆ. ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಇ-ಹಾಸ್ಪಿಟಲ್ ಮಾಹಿತಿಯನ್ನೆಲ್ಲ ಮರಳಿ ಪಡೆಯಲಾಯಿತು. ಅಷ್ಟು ದೊಡ್ಡ ಸಂಸ್ಥೆಯನ್ನು ಕೊನೆಗೆ ಉಳಿಸಿದ್ದು ಬೇರೆ ಇಟ್ಟ ಒಂದು ಪ್ರತಿ. ಹೊಸದುರ್ಗದ ಅಂಗಡಿಯನ್ನು ಉಳಿಸುವುದೂ ಅದೇ.

ಬೀಜ ಬೇರೆ, ಕಾಳು ಬೇರೆ

ರಾಗಿ ಬೆಳೆಯುವ ಮನೆಯಲ್ಲಿ ಉಣ್ಣುವ ಕಾಳನ್ನೂ ಬಿತ್ತನೆ ಬೀಜವನ್ನೂ ಒಟ್ಟಿಗೆ ಇಡುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ನಮ್ಮ ಬಯಲುಸೀಮೆಯವರಿಗೆ ಇದರ ಕಾರಣ ಹೇಳಬೇಕಿಲ್ಲ. ಬ್ಯಾಕಪ್ ಎಂದರೆ ಅಷ್ಟೇ: ದಿನಬಳಕೆಯ ಫೈಲಿನಿಂದ ದೂರ ಇಟ್ಟ ಬೀಜ.

ಇಲ್ಲಿ ಹೊಸಬರು ಎಡವುವ ಜಾಗಗಳು ಎರಡು. 'ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇದೆ' ಎನ್ನುತ್ತಾರೆ. ಸಿ ಡ್ರೈವ್, ಡಿ ಡ್ರೈವ್ ಎಂಬವು ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ರ್‍ಯಾನ್ಸಮ್‌ವೇರ್ ಬಂದರೆ ಎರಡಕ್ಕೂ ಬೀಗ ಬೀಳುತ್ತದೆ. ಇನ್ನು ಕೆಲವರು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಅದನ್ನು ಹಗಲೂ ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿರುತ್ತಾರೆ. ಸಿಕ್ಕಿಸಿದ್ದಷ್ಟೂ ಹೊತ್ತು ಅದೂ ಕಂಪ್ಯೂಟರಿನ ಭಾಗವೇ. ಪ್ರತಿ ತೆಗೆದ ಮೇಲೆ ಅದನ್ನು ಬಿಚ್ಚಿ ಎತ್ತಿಡುವುದು ಬ್ಯಾಕಪ್‌ನ ಮುಖ್ಯ ಹೆಜ್ಜೆ.

ತಿಳಿದವರು ಇದಕ್ಕೆ 3-2-1 ಎಂಬ ಸೂತ್ರ ಹೇಳುತ್ತಾರೆ. ಒಟ್ಟು 3 ಪ್ರತಿ, 2 ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಬೇರೆ ಜಾಗದಲ್ಲಿ. ಅಂಗಡಿಯವರಿಗೆ ಇದನ್ನು ಹೀಗೆ ಬಿಡಿಸಿ ಹೇಳಬಹುದು. ಕಂಪ್ಯೂಟರಿನಲ್ಲಿರುವುದು ಮೊದಲ ಪ್ರತಿ. ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದು, ಬಿಚ್ಚಿ, ಮನೆಯ ಬೀರುವಿನಲ್ಲಿ ಇಡುವುದು ಎರಡನೆಯದು. ಅತಿ ಮುಖ್ಯವಾದ ಫೈಲುಗಳನ್ನು ಗೂಗಲ್ ಡ್ರೈವ್‌ನಂಥ ಆನ್‌ಲೈನ್ ಜಾಗಕ್ಕೆ ಹಾಕುವುದು ಮೂರನೆಯದು. ಗೂಗಲ್ ಖಾತೆಗೆ 15 ಜಿಬಿ ಉಚಿತವಾಗಿ ಸಿಗುತ್ತದೆ. ಸಣ್ಣ ಅಂಗಡಿಯ ಲೆಕ್ಕದ ಫೈಲುಗಳಿಗೆ ಅದು ಧಾರಾಳ. ಒಂದು ಎಚ್ಚರ ಬೇಕು. ಕಂಪ್ಯೂಟರಿನ ಫೋಲ್ಡರನ್ನು ಆನ್‌ಲೈನ್ ಜೊತೆ ಸಿಂಕ್ ಮಾಡಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಆದ್ದರಿಂದ ಸಿಂಕ್ ಒಂದನ್ನೇ ನೆಚ್ಚಬೇಡಿ.

ಟ್ಯಾಲಿ ಬಳಸುವವರಿಗೆ ಕೆಲಸ ಇನ್ನೂ ಸುಲಭ. ಟ್ಯಾಲಿಪ್ರೈಮ್‌ನ ಡೇಟಾ ಮೆನುವಿನಲ್ಲೇ ಬ್ಯಾಕಪ್, ರಿಸ್ಟೋರ್ ಎರಡೂ ಇವೆ. ಬ್ಯಾಕಪ್ ಒತ್ತುವಾಗ ಅದು ಯಾವ ಜಾಗಕ್ಕೆ ಹೋಗುತ್ತಿದೆ ಎಂದು ಓದಿ, ಹೊರಗಿನ ಡಿಸ್ಕನ್ನೇ ಆರಿಸಿ. ಪ್ರತಿ ಸಲವೂ ಫೋಲ್ಡರಿಗೆ ತಾರೀಖಿನ ಹೆಸರು ಕೊಡಿ. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯುತ್ತ ಹೋದರೆ, ಹೋದ ವಾರವೇ ಕೆಟ್ಟ ಲೆಕ್ಕದ ಪ್ರತಿ ಮಾತ್ರ ಉಳಿಯುತ್ತದೆ.

ಪ್ರತಿ ಇದೆ ಎಂದರೆ ಸಾಲದು, ಅದು ತೆರೆಯಬೇಕು. ವರ್ಷಕ್ಕೊಂದು ಸಲವಾದರೂ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ನಾಲ್ಕು ಫೈಲು ತೆರೆದು, ಟ್ಯಾಲಿಯಲ್ಲಿ ರಿಸ್ಟೋರ್ ಮಾಡಿ ನೋಡಿ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ನಮ್ಮ ವ್ಯಾಪಾರಿಗಳು ವರ್ಷದ ಲೆಕ್ಕ ಮುಗಿಸುವ ದಿನವೂ ಅದೇ. ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ದಿನ ಬೇಡ.

ಕನ್ನಡದಲ್ಲಿ ಬರೆದಿಡುವವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವೈರಸ್ ಬಂದಿದೆ ಎಂದುಕೊಂಡು ಅಳಿಸಿಬಿಡಬೇಡಿ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಊರಿನ ಇತಿಹಾಸ, ದೇವಸ್ಥಾನದ ಲೆಕ್ಕ, ಸಂಘದ ನಡಾವಳಿ ಇಂಥವನ್ನು ಈಗಲೇ ಬದಲಿಸಿ ಇಡಿ. ಫಾಂಟ್ ಸಿಗದ ಕಾಲಕ್ಕೆ ಅವು ಇದ್ದೂ ಇಲ್ಲದಂತಾಗಬಾರದು.

ಇನ್ನು ಬಾಗಿಲು ಭದ್ರ ಮಾಡೋಣ

ಬೀಜ ಎತ್ತಿಟ್ಟಾಯಿತು. ಈಗ ಕೆಡುಕು ಒಳಬರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅಪ್‌ಡೇಟ್. 'ರೀಸ್ಟಾರ್ಟ್ ಕೇಳುತ್ತೆ, ಕೆಲಸಕ್ಕೆ ಅಡ್ಡಿ' ಎಂದು ಮುಂದೂಡುವವರೇ ಹೆಚ್ಚು. 2017ರ ಮೇ 12ರಂದು ವಾನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹರಡಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಅದು ತಗುಲಿತು. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಆ ದಾರಿಯಿಂದ ಅದು ನುಗ್ಗಲಾಗಲಿಲ್ಲ. ವಿಂಡೋಸ್ 7ಕ್ಕೆ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮದು ಯಾವುದು ಎಂದು ಇವತ್ತೇ ನೋಡಿಕೊಳ್ಳಿ. ಹಳೆಯದನ್ನೇ ಬಳಸಬೇಕಾಗಿದ್ದರೆ ಅದನ್ನು ಇಂಟರ್‌ನೆಟ್‌ನಿಂದ ದೂರ ಇಡಿ, ಬ್ಯಾಂಕ್ ವ್ಯವಹಾರವನ್ನಂತೂ ಅದರಲ್ಲಿ ಮಾಡಬೇಡಿ.

ಎರಡನೆಯದು ಕ್ರ್ಯಾಕ್ ತಂತ್ರಾಂಶ. ಡಿಟಿಪಿ ಅಂಗಡಿಗಳಲ್ಲಿ ಫೋಟೊಶಾಪ್, ಆಫೀಸ್, ವಿಂಡೋಸ್ ಎಲ್ಲವನ್ನೂ 'ಫ್ರೀ' ಹಾಕಿಸಿಕೊಳ್ಳುವ ರೂಢಿ ಇದೆ. ಅದನ್ನು ಹಾಕುವವರು ಮೊದಲು ಹೇಳುವುದೇ ಆ್ಯಂಟಿವೈರಸ್ ಆಫ್ ಮಾಡಿ ಎಂದು. ಕಾವಲನ್ನು ಕಳಿಸಿ, ಗುರುತಿಲ್ಲದ ಪ್ರೋಗ್ರಾಮಿಗೆ ಪೂರ್ತಿ ಅಧಿಕಾರ ಕೊಟ್ಟ ಮೇಲೆ ಅದು ಒಳಗೆ ಏನು ಬಿಟ್ಟುಹೋಯಿತು ಎಂದು ತಿಳಿಯುವ ದಾರಿ ಉಳಿಯುವುದಿಲ್ಲ. ಹಣ ಕೊಡಲಾಗದವರಿಗೆ ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶಗಳಿವೆ. ಅವು ಕನ್ನಡ ಯೂನಿಕೋಡನ್ನೂ ತೋರಿಸುತ್ತವೆ.

ಮೂರನೆಯದು ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಗೆ ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಬರುತ್ತವೆ. ತೆರೆದಾಗ ಫೋಲ್ಡರುಗಳ ಬದಲು ಬರೀ ಶಾರ್ಟ್‌ಕಟ್ ಕಂಡರೆ ಗಾಬರಿಯಾಗಬೇಡಿ, ಕ್ಲಿಕ್ಕನ್ನೂ ಮಾಡಬೇಡಿ. ಅಂಥ ವೈರಸ್ ಸಾಮಾನ್ಯವಾಗಿ ನಿಮ್ಮ ಫೈಲುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಫೈಲುಗಳು ಒಳಗೇ ಇರುತ್ತವೆ. ಮೊದಲು ಸ್ಕ್ಯಾನ್ ಮಾಡಿಸಿ. ಫಾರ್ಮ್ಯಾಟ್ ಮಾಡಲು ಅವಸರಿಸಬೇಡಿ.

ನಾಲ್ಕನೆಯದು ಪಾಸ್‌ವರ್ಡ್. ಮೊಬೈಲ್ ನಂಬರ್, ಅಂಗಡಿಯ ಹೆಸರು, ಮಗನ ಹೆಸರಿನ ಮುಂದೆ 123 ಬೇಡ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸಾಲಾಗಿ ಸೇರಿಸಿದರೆ ನೆನಪಿಡಲೂ ಸುಲಭ, ಊಹಿಸಲು ಕಷ್ಟ. ಇಮೇಲ್ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿಡಿ.

ಐದನೆಯದು ಮನುಷ್ಯರ ಮಾತು. ಬ್ಯಾಂಕಿನವರು, ಕಂಪನಿಯವರು ಎಂದು ಫೋನ್ ಮಾಡಿ, ಎನಿಡೆಸ್ಕ್‌ನಂಥ ಪ್ರೋಗ್ರಾಮ್ ಹಾಕಿಕೊಳ್ಳಿ, ನಂಬರ್ ಓದಿ ಎನ್ನುತ್ತಾರೆ. ಆ ನಂಬರ್ ಕೊಟ್ಟು ಒಪ್ಪಿಗೆ ಒತ್ತಿದರೆ ನಿಮ್ಮ ಮೌಸ್ ಅವರ ಕೈಗೆ ಹೋಯಿತು. ಎನಿಡೆಸ್ಕ್ ಕೆಟ್ಟದ್ದಲ್ಲ, ನೀವೇ ಕರೆದ, ನಿಮಗೆ ಗುರುತಿರುವ ರಿಪೇರಿಯವರಿಗೆ ಮಾತ್ರ ಅದನ್ನು ತೆರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳನ್ನು ತೆರೆಯಲೇಬೇಡಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ.

ಈಗ ಆ್ಯಂಟಿವೈರಸ್ ಪ್ರಶ್ನೆ. ವಿಂಡೋಸ್ 10, 11ರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಆನ್ ಆಗಿದ್ದು, ಅಪ್‌ಡೇಟ್ ಆಗುತ್ತಿದ್ದರೆ ಮನೆಗೂ ಸಣ್ಣ ಅಂಗಡಿಗೂ ಸಾಕು. ಬೇರೆ ಕೊಂಡರೂ ತಪ್ಪಿಲ್ಲ, ಎರಡನ್ನು ಒಟ್ಟಿಗೆ ಹಾಕಬೇಡಿ. ಮೇಲಿನ ಐದನ್ನು ಬಿಟ್ಟವರನ್ನು ಎಷ್ಟು ದುಬಾರಿಯ ಆ್ಯಂಟಿವೈರಸ್ಸೂ ಕಾಯಲಾರದು.

ಬೇರೆಯವರ ಮಾಹಿತಿ ನಿಮ್ಮ ಬಳಿ ಇದ್ದರೆ

ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ ನಡೆಸುವವರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಊರವರ ಆಧಾರ್, ಪಾಸ್‌ಬುಕ್, ಪಹಣಿಗಳು ರಾಶಿ ಬಿದ್ದಿರುತ್ತವೆ. ಅವರು ನಿಮ್ಮನ್ನು ನಂಬಿ ಕೊಟ್ಟದ್ದು ಆ ಒಂದು ಪ್ರಿಂಟ್‌ಗಾಗಿ. ದಿನದ ಕೊನೆಗೆ ಅವನ್ನು ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ, ಗ್ರಾಹಕರ ವಾಟ್ಸ್‌ಆ್ಯಪ್ ವೆಬ್, ಇಮೇಲ್ ಲಾಗ್‌ಔಟ್ ಮಾಡಿ. ಇದು ಉಪಕಾರವಲ್ಲ, ನಿಮ್ಮ ಕಸುಬಿನ ಧರ್ಮ.

ಆಗಬಾರದ್ದು ಆದಾಗ

ಫೈಲುಗಳಿಗೆ ಬೀಗ ಬಿದ್ದ ಸೂಚನೆ ಕಂಡರೆ ಮೊದಲು ಇಂಟರ್‌ನೆಟ್ ತಂತಿ ಕೀಳಿ, ವೈಫೈ ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರಿಗೆ ಸಿಕ್ಕಿಸಲೇಬೇಡಿ. ಪರದೆಯ ಫೋಟೊ ತೆಗೆದಿಡಿ. ಹಣ ಕೊಡಬೇಡಿ. ಕೆಲವು ಹಳೆಯ ರ್‍ಯಾನ್ಸಮ್‌ವೇರ್‌ಗಳ ಕೀಲಿಗಳು ನೋ ಮೋರ್ ರ್‍ಯಾನ್ಸಮ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ಶುರುಮಾಡಿದ ತಾಣ ಅದು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುವ ಮುಂಚೆ ತಡೆಹಿಡಿಯಬೇಕು, ಹಾಗಾಗಿ ಮೊದಲ ಗಂಟೆಗಳಿಗೆ ಬೆಲೆ ಹೆಚ್ಚು. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ನಾಚಿಕೆಯಿಂದ ಮುಚ್ಚಿಡಬೇಡಿ, ಮೋಸ ಹೋಗುವುದು ಅಪರಾಧವಲ್ಲ.

ಇಷ್ಟನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ವಾರ ಪಟ್ಟಿ ಬರೆದು, ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ತೆಗೆಯಿರಿ. ಮುಂದಿನ ವಾರ ಅಪ್‌ಡೇಟ್, ಅದರ ಮುಂದಿನ ವಾರ ಪಾಸ್‌ವರ್ಡ್. ಕೊನೆಯದಾಗಿ ಒಂದು ಕೆಲಸ ಇದೆ. ಡಿಸ್ಕ್ ಎಲ್ಲಿದೆ, ಬ್ಯಾಕಪ್ ತೆಗೆಯುವುದು ಹೇಗೆ, ಮುಖ್ಯ ಪಾಸ್‌ವರ್ಡ್ ಬರೆದ ಚೀಟಿ ಯಾವ ಬೀರುವಿನಲ್ಲಿದೆ ಎಂಬುದನ್ನು ಮನೆಯವರೊಬ್ಬರಿಗೆ ಕೂರಿಸಿಕೊಂಡು ಕಲಿಸಿ. ನೀವು ಊರಲ್ಲಿ ಇಲ್ಲದಾಗ, ಕಾಯಿಲೆ ಬಿದ್ದಾಗ ಅಂಗಡಿ ನಡೆಯಬೇಕು. ಒಬ್ಬರ ತಲೆಯಲ್ಲಿ ಮಾತ್ರ ಇರುವ ತಿಳಿವಳಿಕೆಗೂ ಇನ್ನೊಂದು ಪ್ರತಿ ಬೇಕು.