ಕಾವಿಗೆ ಬಂದ ಕೋಳಿ: ಕೂರಿಸಬೇಕೆ, ಎಬ್ಬಿಸಬೇಕೆ?

ಹಿತ್ತಿಲಿನಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಿರುವ ಮನೆಗೆ ಕಾವು ಕೂರುವ ಹೇಂಟೆಯಿಂದ ಲಾಭವೂ ಉಂಟು, ನಷ್ಟವೂ ಉಂಟು. ಮರಿ ಬೇಕಾದಾಗ ಅದು ವಿದ್ಯುತ್ತಿನ ಖರ್ಚಿಲ್ಲದೆ ಮರಿ ಮಾಡಿಕೊಡುತ್ತದೆ. ಮರಿ ಬೇಡವಾದಾಗ ಕಾಳು ತಿಂದು, ಮೊಟ್ಟೆ ಕೊಡದೆ, ಗೂಡು ಹಿಡಿದು ಕುಳಿತಿರುತ್ತದೆ. ಬಹಳ ಮನೆಗಳಲ್ಲಿ ಇವೆರಡರಲ್ಲಿ ಯಾವುದು ಬೇಕೆಂದು ಯಾರೂ ತೀರ್ಮಾನಿಸುವುದಿಲ್ಲ. ಕೋಳಿ ತಾನಾಗಿ ಕೂರುತ್ತದೆ, ಕೆಳಗೆ ಇದ್ದಷ್ಟು ಮೊಟ್ಟೆ ಇರುತ್ತವೆ, ಮೂರು ವಾರದ ಮೇಲೆ ನಾಲ್ಕೈದು ಮರಿ ಬರುತ್ತವೆ. ಉಳಿದ ಮೊಟ್ಟೆ ಕೊಳೆತಿರುತ್ತವೆ. ಕೋಳಿ ಕಾವಿಗೆ ಬಂದ ಒಂದೆರಡು ದಿನದೊಳಗೆ ಅದನ್ನು ಕೂರಿಸುವುದೋ ಎಬ್ಬಿಸುವುದೋ ಎಂದು ನಿಶ್ಚಯಿಸಿದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ.

ಲೆಕ್ಕ ಹಾಕಿ ನೋಡೋಣ. ನಾಟಿ ಹೇಂಟೆಯೊಂದು ಒಂದು ಸಲಕ್ಕೆ ೧೨ರಿಂದ ೧೫ ಮೊಟ್ಟೆ ಇಡುತ್ತದೆ. ಇದಕ್ಕೆ ಎರಡು ಮೂರು ವಾರ. ಕಾವಿಗೆ ೨೧ ದಿನ. ಆಮೇಲೆ ಮರಿಗಳನ್ನು ಕಟ್ಟಿಕೊಂಡು ಎರಡು ತಿಂಗಳು ತಿರುಗುತ್ತದೆ. ಹೀಗೆ ಒಂದು ಸುತ್ತಿಗೆ ನೂರು ದಿನ ಹಿಡಿಯುತ್ತದೆ. ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸುತ್ತು. ಮೊಟ್ಟೆ ೪೦ರಿಂದ ೬೦. ನಾಟಿ ಕೋಳಿ ಮೊಟ್ಟೆ ಕಡಿಮೆ ಇಡುವುದಕ್ಕೆ ಅದರ ತಳಿ ಒಂದು ಕಾರಣವಾದರೆ, ಕಾವಿನಲ್ಲಿಯೂ ಮರಿಗಳ ಹಿಂದೆಯೂ ಕಳೆದುಹೋಗುವ ಈ ದಿನಗಳು ಇನ್ನೊಂದು ಕಾರಣ.

ಹಿಂದೆ ಈ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ಕಣದಲ್ಲಿ ರಾಗಿ, ತಿಪ್ಪೆಯಲ್ಲಿ ಹುಳು ಸಿಕ್ಕುತ್ತಿದ್ದುದರಿಂದ ಕೂತ ಕೋಳಿಯ ಹೊಟ್ಟೆಗೆ ಕೈಯಿಂದ ಖರ್ಚಿರಲಿಲ್ಲ. ಈಗ ಅಮೃತಹಳ್ಳಿಯಂಥ ಊರುಗಳ ಸ್ಥಿತಿ ಬೇರೆ. ಬ್ಯಾಟರಾಯನಪುರದ ಭಾಗವು ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಇಂಥ ಕಡೆ ಹೊಲ ಹೋಗಿ ನಿವೇಶನಗಳಾದ ಮೇಲೆ ಹಿತ್ತಿಲು ಕಿರಿದಾಗಿದೆ, ತಿಪ್ಪೆ ಇಲ್ಲ. ಕೋಳಿಗೆ ಅಂಗಡಿಯಿಂದ ಕಾಳು ತಂದು ಹಾಕಬೇಕು. ಸುಮ್ಮನೆ ಕೂತ ಕೋಳಿ ಈಗ ನಿಜವಾಗಿಯೂ ದುಬಾರಿ. ಇದು ಯಲಹಂಕ, ಹೆಬ್ಬಾಳದ ಸುತ್ತಿನ ಮನೆಗಳಿಗೆ ಮಾತ್ರವಲ್ಲ, ಕೊಂಡು ಹಾಕುವ ಎಲ್ಲರಿಗೂ ಅನ್ವಯಿಸುವ ಮಾತು.

ಕಾವಿಗೆ ಬಂದುದನ್ನು ತಿಳಿಯುವುದು

ಕಾವಿಗೆ ಬಂದ ಹೇಂಟೆ ರಾತ್ರಿ ಅಟ್ಟಣೆ ಏರದೆ ಗೂಡಿನಲ್ಲಿಯೇ ಉಳಿಯುತ್ತದೆ. ಹತ್ತಿರ ಹೋದರೆ ಗರಿ ಕೆದರಿ, ಕೊರಗುಟ್ಟುವ ಸದ್ದು ಮಾಡಿ ಕುಕ್ಕಲು ಬರುತ್ತದೆ. ಎದೆಯ ಕೆಳಗಿನ ಗರಿ ಉದುರಿ ಚರ್ಮ ಬಿಸಿಯಾಗಿರುತ್ತದೆ, ಜುಟ್ಟು ಬಿಳಚಿಕೊಳ್ಳುತ್ತದೆ. ದಿನಕ್ಕೊಮ್ಮೆ ಎದ್ದು ಬಂದಾಗ ಹಾಕುವ ಹಿಕ್ಕೆ ದೊಡ್ಡದಾಗಿ ಬಲು ನಾರುತ್ತದೆ. ರೋಗದ ಕೋಳಿಯೂ ಮೂಲೆ ಹಿಡಿದು ಕೂರುವುದುಂಟು. ಆದರೆ ಅದು ಕಣ್ಣು ಮುಚ್ಚಿ ತೂಕಡಿಸುತ್ತದೆ, ಮುಟ್ಟಿದರೆ ಎದುರಿಸುವುದಿಲ್ಲ, ಹಸಿರು ಅಥವಾ ಸುಣ್ಣದ ನೀರಿನಂತೆ ಭೇದಿ ಮಾಡುತ್ತದೆ. ಅಂಥದನ್ನು ಕಾವಿನ ಕೋಳಿಯೆಂದು ಭಾವಿಸಿ ಬಿಟ್ಟರೆ ಇಡೀ ಗುಂಪಿಗೆ ಅಪಾಯ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಸರುವ ಪ್ರೊಲ್ಯಾಕ್ಟಿನ್ ಎಂಬ ರಸದೂತ ಹೆಚ್ಚಾದಾಗ ಅಂಡಾಶಯ ಕುಗ್ಗಿ ಮೊಟ್ಟೆ ನಿಲ್ಲುತ್ತದೆ, ಕೂರುವ ಗುಣ ಬಲಿಯುತ್ತದೆ. ಕತ್ತಲೆಯ, ಬೆಚ್ಚನೆಯ ಗೂಡು ಮತ್ತು ಎದೆಗೆ ತಾಗುವ ಮೊಟ್ಟೆಗಳು ಇದಕ್ಕೆ ಇಂಬು ಕೊಡುತ್ತವೆ. ಬಿಳಿ ಲೆಗ್‌ಹಾರ್ನ್ ತಳಿಯಲ್ಲಿ ಕೂರದ ಕೋಳಿಗಳನ್ನೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಅದರಲ್ಲಿ ಈ ಗುಣ ಅಳಿದುಹೋದಂತೆಯೇ ಆಗಿದೆ.

ಎಬ್ಬಿಸುವ ವಿಧಾನ

ಕಾವು ಬಿಡಿಸಲು ಕೋಳಿಯನ್ನು ತಣ್ಣೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಗೆ ಗರಿ ತೂರಿಸುವುದು, ಉಪವಾಸ ಕೆಡವುವುದು ಮುಂತಾದ ಪದ್ಧತಿಗಳಿವೆ. ಇವು ಹಿಂಸೆಯಾಗುವುದಲ್ಲದೆ ಪ್ರಯೋಜನಕ್ಕೂ ಬರುವುದಿಲ್ಲ. ಮೂಗಿಗೆ ಗಾಯವಾಗಿ, ಮೇವಿಲ್ಲದೆ ಸೊರಗಿದ ಹೇಂಟೆ ಮತ್ತೆ ಮೊಟ್ಟೆಗೆ ಬರುವುದು ಇನ್ನಷ್ಟು ತಡವಾಗುತ್ತದೆ.

ಗೂಡಿನ ಕತ್ತಲೆ ಮತ್ತು ಬಿಸಿ ಎರಡನ್ನೂ ತಪ್ಪಿಸುವುದೇ ಸರಿಯಾದ ಉಪಾಯ. ತಂತಿ ಜಾಲರಿಯ ಅಥವಾ ಬಿದಿರು ದಬ್ಬೆಯ ತಳವಿರುವ ಪಂಜರವನ್ನು ನಾಲ್ಕು ಇಟ್ಟಿಗೆಗಳ ಮೇಲೆ ಎತ್ತರಿಸಿಡಬೇಕು. ಒಳಗೆ ಹುಲ್ಲು, ಗೋಣಿ ಏನೂ ಇರಕೂಡದು. ಕೆಳಗಿನಿಂದ ಗಾಳಿಯಾಡುತ್ತಿರಬೇಕು, ಬೆಳಕು ಬೀಳುತ್ತಿರಬೇಕು. ನೆತ್ತಿಯ ಮೇಲೆ ನೆರಳಿರಬೇಕು. ಕಾಳು, ನೀರು ಹೊಟ್ಟೆ ತುಂಬ ಕೊಡಬೇಕು. ರಾತ್ರಿಯೂ ಅಲ್ಲೇ ಇರಲಿ. ನಾಯಿ, ಬೆಕ್ಕು, ಹೆಗ್ಗಣಗಳಿಗೆ ಸಿಕ್ಕದಂತೆ ಭದ್ರಪಡಿಸಿರಬೇಕು. ಮೂರರಿಂದ ಐದು ದಿನಗಳಲ್ಲಿ ಗುಣ ಬಿಡುತ್ತದೆ. ಹೊರಗೆ ಬಿಟ್ಟಾಗ ನೇರ ಗೂಡಿಗೆ ಓಡಿದರೆ ಇನ್ನೆರಡು ದಿನ ಹಾಕಬೇಕು. ಮೊದಲ ದಿನವೇ ಪಂಜರಕ್ಕೆ ಹಾಕಿದ ಕೋಳಿ ಬೇಗ ಬಿಡುತ್ತದೆ. ವಾರವಿಡೀ ಕೂತದ್ದು ತಡವಾಗಿ ಬಿಡುತ್ತದೆ. ಕಾವು ಬಿಟ್ಟ ಮೇಲೆ ಎರಡು ಮೂರು ವಾರಗಳಲ್ಲಿ ಮತ್ತೆ ಮೊಟ್ಟೆ ನಿರೀಕ್ಷಿಸಬಹುದು. ದಿನವೂ ತಪ್ಪದೆ ಮೊಟ್ಟೆ ಎತ್ತಿಕೊಳ್ಳುವ ಮನೆಯಲ್ಲಿ ಕೋಳಿ ಕಾವಿಗೆ ಬರುವುದೇ ಕಡಿಮೆ.

ಕೂರಿಸುವುದಾದರೆ

ಎಲ್ಲ ಹೇಂಟೆಯೂ ಒಳ್ಳೆಯ ತಾಯಿಯಲ್ಲ. ಹಿಂದಿನ ಸಲ ಮೊಟ್ಟೆ ಒಡೆದದ್ದು, ಅರ್ಧಕ್ಕೆ ಎದ್ದು ಹೋದದ್ದು ಇದ್ದರೆ ಅದನ್ನು ಬಿಡಬೇಕು. ಬೆಂಗಳೂರಿನ ಹವೆಗೆ ಮಳೆ ಹಿಂದಾಗುವ ಕಾರ್ತಿಕದಿಂದ ಮಾಘದವರೆಗೆ ಹೊರಬರುವ ಮರಿಗಳು ಚೆನ್ನಾಗಿ ಉಳಿಯುತ್ತವೆ. ಕಡುಬೇಸಗೆಯಲ್ಲಿ ಮೊಟ್ಟೆ ಬೇಗ ಕೆಡುತ್ತದೆ, ಕೊಕ್ಕರೆ ರೋಗದ ಕಾಟವೂ ಹೆಚ್ಚು.

ಹುಂಜದೊಡನೆ ಇರುವ ಹೇಂಟೆಗಳ ಮೊಟ್ಟೆಯನ್ನು ಮಾತ್ರ ಇಡಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೊಟ್ಟೆ ತಂಪುಕಾಲದಲ್ಲಿ ಏಳು ದಿನ, ಬೇಸಗೆಯಲ್ಲಿ ನಾಲ್ಕೈದು ದಿನ ಮೀರಿರಬಾರದು. ತೊಳೆಯಬಾರದು. ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಮಡಕೆಯೊಳಗೆ ರಾಗಿ ಹರಡಿ ಚೂಪು ತುದಿ ಕೆಳಗಾಗಿ ಇಟ್ಟರೆ ತಂಪಾಗಿರುತ್ತವೆ. ನಾಟಿ ಹೇಂಟೆಗೆ ೧೦ರಿಂದ ೧೨ ಮೊಟ್ಟೆ ಸಾಕು. ಗಿರಿರಾಜದಂಥ ದಪ್ಪ ಮೊಟ್ಟೆಯಾದರೆ ಎಂಟೊಂಬತ್ತು. ಎದೆಯಡಿ ಮುಚ್ಚದ ಮೊಟ್ಟೆ ಸರದಿಯ ಮೇಲೆ ಎಲ್ಲವನ್ನೂ ತಣ್ಣಗಾಗಿಸುತ್ತದೆ.

ಮರಿಗಳು ಕಡಿಮೆ ಬರುವುದಕ್ಕೆ ಬಹಳ ಮನೆಗಳಲ್ಲಿ ಮುಖ್ಯ ಕಾರಣ ಬೇರೆ ಕೋಳಿಗಳು. ಕೂತ ಕೋಳಿಯ ಗೂಡಿಗೇ ಮಿಕ್ಕ ಹೇಂಟೆಗಳೂ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಮನೆಯವರು ಸಂತೋಷಪಡುತ್ತಾರೆ. ಆದರೆ ೨೧ನೆಯ ದಿನ ಮೊದಲಿನ ಮೊಟ್ಟೆಗಳು ಒಡೆದಾಗ ಹಿಂದಿನಿಂದ ಸೇರಿದವು ಹತ್ತು ಹದಿನೈದು ದಿನದವು. ತಾಯಿ ಬಂದ ಮರಿಗಳನ್ನು ಕರೆದುಕೊಂಡು ಎದ್ದುಬಿಡುತ್ತದೆ. ಒಳಗೆ ಅರ್ಧ ಬೆಳೆದ ಮರಿಗಳು ಸಾಯುತ್ತವೆ. ಆದ್ದರಿಂದ ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ ಇಟ್ಟು, ಪ್ರತಿಯೊಂದರ ಮೇಲೆ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯಬೇಕು. ದಿನವೂ ಕೋಳಿ ಮೇಯಲು ಎದ್ದಾಗ ಗೆರೆಯಿಲ್ಲದ ಮೊಟ್ಟೆ ತೆಗೆದು ಅಡಿಗೆಗೆ ಉಪಯೋಗಿಸಬೇಕು. ಸಾಧ್ಯವಾದರೆ ಕಾವಿನ ಕೋಳಿಯನ್ನು ಬೇರೆ ಕೋಣೆಯಲ್ಲೇ ಇಡುವುದು ಉತ್ತಮ.

ಹಳೆಯ ಮಂಕರಿಯಲ್ಲಿ ಮರಳು ಮಿಶ್ರಿತ ಮಣ್ಣು ಹಾಕಿ ನಡುವೆ ಸ್ವಲ್ಪ ತಗ್ಗು ಮಾಡಿ ಬತ್ತದ ಹುಲ್ಲು ಹಾಸಿದರೆ ಗೂಡಾಯಿತು. ತಗಡಿನ ಸೂರಿನಡಿ ಇಡಬಾರದು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಗೂಡಿನಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವವರಿದ್ದಾರೆ. ಇಟ್ಟರೆ ತೊಂದರೆಯೇನಿಲ್ಲ, ಆದರೆ ಗುಡುಗಿನ ಜೊತೆ ಬರುವ ಮಳೆಗೆ ಸೂರು ಸೋರದಂತೆ ನೋಡಿಕೊಂಡರೆ ಮೊಟ್ಟೆ ಉಳಿಯುತ್ತದೆ. ಹೇನು ಹತ್ತಿದ ಹೇಂಟೆ ನೆಟ್ಟಗೆ ಕೂರುವುದಿಲ್ಲ. ಹಿಂದೆ ಇದಕ್ಕೆ ಬಿ.ಎಚ್.ಸಿ. ಪುಡಿ ಹಚ್ಚುತ್ತಿದ್ದರು, ಅದು ೧೯೯೭ರಲ್ಲಿ ನಿಷೇಧವಾಯಿತು. ಒಲೆಬೂದಿ, ಒಣಮಣ್ಣಿನಲ್ಲಿ ಹೊರಳಲು ಬಿಡುವುದು ಒಳ್ಳೆಯದು, ಹೆಚ್ಚಿದ್ದರೆ ಪಶುವೈದ್ಯರನ್ನು ಕೇಳಿ ಔಷಧ ಹಾಕಬೇಕು.

ಕೋಳಿಯನ್ನು ರಾತ್ರಿ ಕೂರಿಸಬೇಕು. ದಿನಕ್ಕೊಮ್ಮೆ ೧೫–೨೦ ನಿಮಿಷ ಎದ್ದು ಬಂದಾಗ ರಾಗಿ, ಜೋಳ, ಅಕ್ಕಿ ನುಚ್ಚು ಮತ್ತು ನೀರು ಸಿದ್ಧವಿರಬೇಕು. ತಾನಾಗಿ ಏಳದಿದ್ದರೆ ರೆಕ್ಕೆಯಡಿ ಮೊಟ್ಟೆ ಸಿಕ್ಕಿಲ್ಲವೆಂದು ನೋಡಿ ಎತ್ತಿ ಹೊರಗಿಡಬೇಕು.

ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ಮೊಟ್ಟೆಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಬೇಕು. ಜೇಡನ ಕಾಲಿನಂತೆ ಕೆಂಪು ನರಗಳು ಕಂಡರೆ ಮರಿಯಿದೆ. ಪೂರ್ತಿ ತಿಳಿಯಾಗಿದ್ದರೆ ಅದು ಗೊಡ್ಡು, ತೆಗೆದುಬಿಡಬೇಕು. ಎರಡು ಹೇಂಟೆಗಳನ್ನು ಒಂದೇ ರಾತ್ರಿ ಕೂರಿಸುವುದರ ಲಾಭ ಇಲ್ಲಿ ಕಾಣುತ್ತದೆ. ಹನ್ನೆರಡರಲ್ಲಿ ಆರಾರೇ ಉಳಿದರೆ ಎಲ್ಲವನ್ನೂ ಒಂದರ ಕೆಳಗೆ ಸೇರಿಸಿ, ಇನ್ನೊಂದನ್ನು ಎಬ್ಬಿಸುವ ಪಂಜರಕ್ಕೆ ಹಾಕಬಹುದು. ಎರಡೂ ಮರಿ ಮಾಡಿದರೆ ರಾತ್ರಿ ಮರಿಗಳನ್ನೆಲ್ಲ ಒಂದಕ್ಕೇ ಒಪ್ಪಿಸಿ ಇನ್ನೊಂದನ್ನು ಮೊಟ್ಟೆಗೆ ಬಿಡಿಸಿಕೊಳ್ಳಬಹುದು. ಒಂದು ಹೇಂಟೆ ಹದಿನೈದು ಮರಿಗಳನ್ನು ಸಾಕಬಲ್ಲದು.

೧೮ನೆಯ ದಿನದಿಂದ ಮೊಟ್ಟೆ ಮುಟ್ಟಬಾರದು. ಗುರುವಾರ ರಾತ್ರಿ ಕೂರಿಸಿದ್ದರೆ ಮೂರು ವಾರ ಕಳೆದ ಗುರುವಾರ ಮರಿ ಬರುವ ದಿನ. ಒಡೆಯಲು ಕಷ್ಟಪಡುತ್ತಿದೆಯೆಂದು ಚಿಪ್ಪು ಸುಲಿದರೆ ರಕ್ತ ಹರಿದು ಮರಿ ಸಾಯುತ್ತದೆ. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಂಡಾರ ಉಳಿದಿರುವುದರಿಂದ ಮೊದಲ ದಿನ ಮೇವಿಗೆ ಆತುರವಿಲ್ಲ. ಗರಿ ಒಣಗುವವರೆಗೆ ತಾಯಿಯ ಅಡಿಯಲ್ಲೇ ಇರಲಿ.

ತಂದ ಮರಿಗಳಿಗೂ ತಾಯಿ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ಕೋಳಿಗಳು ಹಿತ್ತಿಲಿಗೆ ಹೊಂದುತ್ತವೆ, ನಾಟಿಗಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತವೆ. ಕಾವು ಕೂರುವ ಗುಣವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಅವುಗಳನ್ನು ಸಾಕುವವರು ನಾಟಿ ಹೇಂಟೆಗಳನ್ನು ಪೂರ್ತಿ ಮಾರಿಬಿಡಬಾರದು. ಒಂದು ದಿನದ ಮರಿಗಳನ್ನು ಕೊಂಡು ತಂದಾಗಲೂ ಎರಡು ಮೂರು ವಾರದಿಂದ ಕೂತಿರುವ ಹೇಂಟೆ ಇದ್ದರೆ, ಕತ್ತಲಾದ ಮೇಲೆ ಅದರ ಮೊಟ್ಟೆ ತೆಗೆದು ಒಂದೊಂದೇ ಮರಿಯನ್ನು ಎದೆಯಡಿ ಸೇರಿಸಬಹುದು. ಬೆಳಿಗ್ಗೆ ಬೇಗ ಎದ್ದು ನೋಡಬೇಕು. ಕುಕ್ಕುತ್ತಿದ್ದರೆ ಕೂಡಲೇ ಬೇರೆ ಮಾಡಿ ಬಲ್ಬಿನ ಶಾಖಕ್ಕೆ ಇಡಬೇಕು. ಒಪ್ಪಿಕೊಂಡರೆ ವಿದ್ಯುತ್ತು ಹೋದ ರಾತ್ರಿಯೂ ಮರಿಗಳಿಗೆ ಚಳಿಯ ಭಯವಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಮರಿಗಳನ್ನು ಕೊಕ್ಕರೆ ರೋಗ ಒಂದೇ ವಾರದಲ್ಲಿ ಒಯ್ಯಬಲ್ಲದು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸಿಕೆ, ಎಂಟನೆಯ ವಾರದಲ್ಲಿ ಆರ್‌.ಟು.ಬಿ. ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯ ಒಂದು ಸೀಸೆ ಹತ್ತಾರು ಕೋಳಿಗಳಿಗೆ ಆಗುವಷ್ಟಿರುತ್ತದೆ. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಮಾರನೆಯ ದಿನಕ್ಕೆ ಇಡುವಂತಿಲ್ಲ. ಹತ್ತು ಮರಿಯ ಒಂದು ಮನೆಗಾಗಿ ಸೀಸೆ ಒಡೆಯುವುದು ವ್ಯರ್ಥ. ಬೀದಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ವಾರ ಕೋಳಿ ಕೂರಿಸಿದರೆ ಮರಿಗಳೂ ಒಂದೇ ವಯಸ್ಸಿನವಾಗುತ್ತವೆ. ಆಗ ಮಂಜುಗಡ್ಡೆಯಲ್ಲಿಟ್ಟು ಒಂದೇ ಸೀಸೆ ತಂದು ಒಂದೇ ಸಂಜೆ ಎಲ್ಲವಕ್ಕೂ ಹಾಕಿ ಮುಗಿಸಬಹುದು.