ತಲೆಯುಡುಗೆಯ ಉಪಯೋಗಗಳು

'ಟೋಪಿ ಹಾಕುವುದು' ಎಂದರೆ ನಮ್ಮ ಭಾಷೆಯಲ್ಲಿ ಮೋಸ ಮಾಡುವುದು ಎಂದರ್ಥ. ಸಾಲ ತೆಗೆದುಕೊಂಡು ತಿರುಗಿ ಕೊಡದವನು ಟೋಪಿ ಹಾಕಿದನು. ನಂಬಿ ಕೊಟ್ಟವನು ಟೋಪಿ ಹಾಕಿಸಿಕೊಂಡನು. ಹಗಲೆಲ್ಲ ಬಿಸಿಲು ಮಳೆಗಳನ್ನು ತಾನು ತಿಂದು ಒಡೆಯನ ತಲೆಯನ್ನು ಕಾಯುವ ಈ ಬಡ ವಸ್ತುವಿಗೆ ಇಂಥ ಅಪಕೀರ್ತಿ ಬರಬಾರದಾಗಿತ್ತು. ಆದುದರಿಂದ ಅದರ ಪರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಟೋಪಿ ಎಂದು ನಾನು ಇಲ್ಲಿ ಹೇಳುವಾಗ ರುಮಾಲು, ಮುಟ್ಟಾಳೆ, ಕಂಬಳಿಯ ಕೊಪ್ಪೆ, ಕುಲಾವಿ, ಹೆಲ್ಮೆಟ್ ಇವೆಲ್ಲವೂ ಅದರ ಬಂಧುಬಳಗವೆಂದೇ ವಾಚಕರು ಭಾವಿಸಬೇಕು.

ನನ್ನ ವಾದ ಸರಳವಾದುದು. ತಲೆಯುಡುಗೆ ಮೊದಲು ಉಪಕರಣ, ಆಮೇಲೆ ಅಲಂಕಾರ. ಗುದ್ದಲಿ, ಕತ್ತಿ, ನೇಗಿಲುಗಳನ್ನು ಕೆಲಸ ನೋಡಿ ಆರಿಸುವಂತೆ ನಮ್ಮ ಹಿರಿಯರು ಇದನ್ನೂ ಕೆಲಸ ನೋಡಿ ಆರಿಸಿದರು. ನಾವಾದರೋ ಹಳೆಯ ಅಲಂಕಾರವನ್ನು ಕಳಚುವ ಭರದಲ್ಲಿ ಉಪಕರಣವನ್ನೂ ಎಸೆದುಬಿಟ್ಟಿದ್ದೇವೆ.

ಮೊದಲು ಬಿಸಿಲಿನ ವಿಚಾರ. ಕರ್ನಾಟಕವು ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಆದುದರಿಂದ ಇಲ್ಲಿನ ಪ್ರತಿಯೊಂದು ಊರಿನಲ್ಲಿಯೂ ವರ್ಷಕ್ಕೆ ಎರಡು ಸಲ ಸೂರ್ಯನು ನಡುಮಧ್ಯಾಹ್ನ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರು ಮಂಗಳೂರುಗಳಲ್ಲಿ ಇದು ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ನಡುಭಾಗ ಕಳೆದ ಮೇಲೆ ಇನ್ನೊಮ್ಮೆ ಆಗುತ್ತದೆ. ಆ ದಿನ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ನೆರಳಿಲ್ಲದ ಆ ಹೊತ್ತಿನಲ್ಲಿ ಗದ್ದೆಯಲ್ಲಿ ನಿಂತ ಮನುಷ್ಯನ ಮೈಯಲ್ಲಿ ಬಿಸಿಲನ್ನು ನೇರವಾಗಿ ಹೊರುವ ಭಾಗಗಳು ಎರಡೇ: ನೆತ್ತಿ ಮತ್ತು ಹೆಗಲು. ಆಗ ಬರಿಯ ಒಂದು ಬಟ್ಟೆಯ ತುಂಡೂ ದೊಡ್ಡ ಉಪಕಾರ ಮಾಡುತ್ತದೆ.

ಸೂರ್ಯನು ಓರೆಯಾದಾಗ ಲೆಕ್ಕ ಬದಲಾಗುತ್ತದೆ. ಆಗ ಬೇಕಾದುದು ಅಂಚು. ಈ ಅಂಚಿಗೆ ಪ್ರೌಢಶಾಲೆಯ ತ್ರಿಕೋನಮಿತಿಯೇ ಸಾಕು. ಸೂರ್ಯನ ಕಡೆ ಮುಖಮಾಡಿ ನಿಂತವನ ಟೋಪಿಯ ಅಂಚು ಮೂರು ಅಂಗುಲವಿದೆಯೆಂದು ಇಟ್ಟುಕೊಳ್ಳೋಣ. ಸೂರ್ಯನು 45 ಡಿಗ್ರಿ ಎತ್ತರದಲ್ಲಿದ್ದರೆ ಮುಖದ ಮೇಲೆ ಮೂರು ಅಂಗುಲ ನೆರಳು ಬೀಳುತ್ತದೆ; 60 ಡಿಗ್ರಿ ಎತ್ತರದಲ್ಲಿದ್ದರೆ ಐದು ಅಂಗುಲಕ್ಕೂ ಮಿಕ್ಕಿ; 30 ಡಿಗ್ರಿಗೆ ಇಳಿದರೆ ಎರಡು ಅಂಗುಲಕ್ಕೂ ಕಡಿಮೆ. ಅಂದರೆ ಬೇಗೆ ಹೆಚ್ಚಿದ ಹೊತ್ತಿನಲ್ಲೇ ಅಂಚಿನ ಉಪಯೋಗವೂ ಹೆಚ್ಚು. ಕ್ರಿಕೆಟ್ ಆಡುವವರ ಟೋಪಿಗೆ ಮುಂದೆ ಮಾತ್ರ ಅಂಚಿರುತ್ತದೆ. ಅದು ಕಣ್ಣನ್ನು ಕಾಯುತ್ತದೆಯೇ ಹೊರತು ಕಿವಿಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಕಾಯುವುದಿಲ್ಲ. ಇನ್ನು ಅದನ್ನು ಹಿಂದುಮುಂದು ಮಾಡಿ ಧರಿಸುವ ನಮ್ಮ ಕೆಲವು ಮಿತ್ರರು ಯಾವ ಸೂರ್ಯನಿಗೆ ಹೆದರುತ್ತಾರೋ ಅವರೇ ಹೇಳಬೇಕು.

ಬಯಲುಸೀಮೆಯ ರುಮಾಲಿಗೆ ಅಂಚಿಲ್ಲ. ಆದರೆ ಬೇರೆ ಎರಡು ಗುಣಗಳಿವೆ. ಅದರ ಸುತ್ತುಗಳ ನಡುವೆ ಗಾಳಿ ನಿಂತಿರುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸದು. ಎರಡನೆಯದಾಗಿ, ಹತ್ತಿಯ ಬಟ್ಟೆ ಬೆವರನ್ನು ಹೀರಿ ನಿಧಾನವಾಗಿ ಆರಲು ಬಿಡುತ್ತದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಒಂದು ಪಾಲು ತಲೆಯಿಂದಲೇ ಹೋಗುತ್ತದೆ. ಬಿಸಿಲಿಗೆ ಹೊರಡುವ ಮುನ್ನ ವಸ್ತ್ರವನ್ನು ನೀರಿನಲ್ಲಿ ಅದ್ದಿ ತಲೆಗೆ ಸುತ್ತಿಕೊಳ್ಳುವ ರೈತನು ಈ ಭೌತಶಾಸ್ತ್ರವನ್ನು ಪುಸ್ತಕದಲ್ಲಿ ಓದಿಲ್ಲ, ತಲೆಯಲ್ಲಿಯೇ ಇಟ್ಟುಕೊಂಡಿದ್ದಾನೆ. ರಾಯಚೂರು, ಕಲಬುರಗಿಗಳ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರು ಕುಡಿದು ಕುಳಿತಿರುವುದರಿಂದ ಒದ್ದೆ ಬಟ್ಟೆ ಬೇಗ ಆರದು. ಅಷ್ಟು ತಂಪೂ ಆಗದು.

ಕರಾವಳಿಯ ತೋಟಗಳಲ್ಲಿ ಬಟ್ಟೆಯ ಬದಲು ಅಡಕೆಯ ಹಾಳೆ ಬಂತು. ನಮ್ಮ ಅಜ್ಜ ಮುಟ್ಟಾಳೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಉದುರಿದ ಹಾಳೆಯನ್ನು ಆರಿಸಿ ತಂದು, ನೀರಿನಲ್ಲಿ ನೆನೆಸಿ, ಮೆದುವಾದ ಮೇಲೆ ತಲೆಯ ಅಳತೆಗೆ ಮಡಿಸಿ ಹೊಲಿಯುವರು. ಖರ್ಚು ಕಾಸಿಲ್ಲ. ಅದು ನೀರನ್ನು ಒಳಗೆ ಬಿಡುವುದಿಲ್ಲ. ಗಡುಸಾಗಿರುವುದರಿಂದ ಹೊರೆಯ ಕೆಳಗೆ ತಲೆಗೆ ಚುಚ್ಚು ತಾಗುವುದಿಲ್ಲ. ಸೊಪ್ಪಿನ ಕಟ್ಟಿನಿಂದ ಇರುವೆ ಉದುರಿದರೂ ಗೊಬ್ಬರದ ಬುಟ್ಟಿಯಿಂದ ನೀರು ಸೋರಿದರೂ ಕೂದಲಿಗೆ ಇಳಿಯುವುದಿಲ್ಲ. ಬಾಯಾರಿದರೆ ತೋಡಿನ ನೀರನ್ನು ಮೊಗೆಯಲು ಹೊಸ ಮುಟ್ಟಾಳೆ ಪಾತ್ರೆಯೂ ಆಯಿತು. ಹಳತಾದರೆ ಅಡಕೆ ಮರದ ಬುಡಕ್ಕೇ ಎಸೆದರಾಯಿತು. ಮರ ಕೊಟ್ಟದ್ದನ್ನು ಮರವೇ ಗೊಬ್ಬರವಾಗಿ ಹಿಂದಕ್ಕೆ ಪಡೆಯುತ್ತದೆ.

ಹೊರೆಯ ಮಾತು ಬಂದುದರಿಂದ ಸಿಂಬಿಯನ್ನು ಮರೆಯಬಾರದು. ಹಳೆಯ ಬಟ್ಟೆಯನ್ನು ಬಳೆಯಂತೆ ಸುತ್ತಿ ಕೊಡದ ಕೆಳಗೆ ಇಡುವ ಈ ವಸ್ತುವನ್ನು ಟೋಪಿಯೆಂದು ಯಾರೂ ಕರೆಯುವುದಿಲ್ಲ. ಆದರೆ ಅದು ಮಾಡುವ ಕೆಲಸ ನೋಡಿ. ದುಂಡು ತಳದ ಕೊಡವು ದುಂಡು ತಲೆಯನ್ನು ಒಂದು ಚಿಕ್ಕ ಜಾಗದಲ್ಲಿ ಮಾತ್ರ ಮುಟ್ಟುತ್ತದೆ; ಹದಿನೈದು ಕಿಲೋ ಭಾರವೆಲ್ಲ ಅಲ್ಲಿಯೇ ಒತ್ತುತ್ತದೆ. ಸಿಂಬಿ ಆ ಭಾರವನ್ನು ಅಗಲವಾದ ಒಂದು ವೃತ್ತಕ್ಕೆ ಹಂಚುತ್ತದೆ, ಕೊಡ ಉರುಳದಂತೆಯೂ ಹಿಡಿಯುತ್ತದೆ. ಇಂದಿಗೂ ಕಟ್ಟಡದ ಕೆಲಸದಲ್ಲಿ ಜಲ್ಲಿಯ ಬಾಣಲಿ ಹೊರುವ ತಾಯಂದಿರು ತಲೆಗೆ ಸುತ್ತಿಕೊಳ್ಳುವ ಟವಲು ಇದರ ತಂಗಿಯೇ.

ಇನ್ನು ಮಳೆ. ಮಳೆಗೆ ಕೊಡೆ ಇಲ್ಲವೇ ಎಂದು ಪಟ್ಟಣದವರು ಕೇಳಬಹುದು. ಕೊಡೆಗೆ ಒಂದು ಕೈ ಬೇಕು. ನೇಜಿ ನೆಡುವವರಿಗೆ ಎರಡು ಕೈಗಳೂ ಕೆಸರಿನಲ್ಲಿರುತ್ತವೆ. ಬಾಗಿ ನಿಂತವರ ಬೆನ್ನಿಗೆ ಕೊಡೆ ಆಸರೆಯೂ ಆಗದು. ಆದುದರಿಂದ ಕರಾವಳಿ ಮಲೆನಾಡುಗಳಲ್ಲಿ ಗೊರಬು ಹುಟ್ಟಿತು. ಬಿದಿರ ಕಡ್ಡಿಗಳ ಹೆಣಿಗೆಯ ನಡುವೆ ಎಲೆಗಳನ್ನು ಒತ್ತಿ ಕಟ್ಟಿದ ಈ ಹೊದಿಕೆ ತಲೆಯಿಂದ ಸೊಂಟದ ಕೆಳಗಿನವರೆಗೂ ಇಳಿದು, ಬಾಗಿದವರ ಮೇಲೆ ಸಣ್ಣದೊಂದು ಮಾಡಿನಂತೆ ಕುಳಿತುಕೊಳ್ಳುತ್ತದೆ. ಮಳೆ ಅದರ ಮೇಲೆ ಸುರಿಯುತ್ತಿರುತ್ತದೆ, ಕೈ ಕೆಳಗೆ ಕೆಲಸ ಮಾಡುತ್ತಿರುತ್ತದೆ. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಗೊರಬು ಅಪರೂಪವಾಗಿದೆ.

ಮಲೆನಾಡಿನ ಕಂಬಳಿ ಕೊಪ್ಪೆಯೂ ಇಂಥದೇ ಬುದ್ಧಿವಂತಿಕೆ. ಒಂದು ಮೂಲೆಯನ್ನು ಒಳಕ್ಕೆ ಮಡಿಸಿದರೆ ಕಂಬಳಿಯೇ ತಲೆಗೆ ಗೂಡು, ಬೆನ್ನಿಗೆ ಅಂಗಿ. ಉಣ್ಣೆಯು ತನ್ನ ತೂಕದ ನೂರಕ್ಕೆ 30ರಷ್ಟು ತೇವವನ್ನು ಹೀರಿದರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಒಂದು ವಸ್ತುವಿಗೆ ಒಂದೇ ಕೆಲಸ ಎಂಬ ದುಂದು ಬಡವರ ಮನೆಯಲ್ಲಿ ನಡೆಯದು. ರುಮಾಲೂ ಹಾಗೆಯೇ: ಬಿಚ್ಚಿದರೆ ಮುಖ ಒರೆಸುವ ವಸ್ತ್ರ, ಮಡಿಸಿದರೆ ತಲೆದಿಂಬು, ಗಂಟು ಹಾಕಿದರೆ ಕಾಳಿನ ಚೀಲ, ಗಾಯವಾದರೆ ಕಟ್ಟುವ ಪಟ್ಟಿ.

ಚಳಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಮೈಯ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂದು ಹಲವರು ಹೇಳುವುದುಂಟು. ಇದು ನಿಜವಲ್ಲ. ಬೆಳೆದವರಲ್ಲಿ ತಲೆ ಕುತ್ತಿಗೆಗಳು ಸೇರಿ ಚರ್ಮದ ನೂರಕ್ಕೆ ಸುಮಾರು 9 ಪಾಲು; ಶಾಖವೂ ಹೆಚ್ಚುಕಡಿಮೆ ಆ ಪ್ರಮಾಣದಲ್ಲಿಯೇ ಹೋಗುತ್ತದೆ. ಆದರೆ ಎಳೆಯ ಮಗುವಿನಲ್ಲಿ ಆ ಪಾಲು ಸುಮಾರು 18. ಹುಟ್ಟಿದ ಕೂಸಿಗೆ ಅಜ್ಜಿಯರು ಹೊಲಿದು ಕಟ್ಟುವ ಕುಲಾವಿ ಕೇವಲ ಮುದ್ದಿಗಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ಉಪಯೋಗವಿದ್ದ ವಸ್ತು ನಮ್ಮ ತಲೆಯಿಂದ ಇಳಿದುದೇಕೆ? ಅದು ಅಂತಸ್ತಿನ ಗುರುತಾದುದೇ ಒಂದು ಕಾರಣವೆಂದು ನನಗೆ ತೋರುತ್ತದೆ. ಮೈಸೂರು ಅರಸರ ಕಾಲದ ಜರಿಪೇಟವು ದರ್ಬಾರಿನ ಮರ್ಯಾದೆಯಾಯಿತು. ಈಗ ಅದು ಸನ್ಮಾನ ಸಮಾರಂಭದಲ್ಲಿ ಹತ್ತು ನಿಮಿಷ ಕುಳಿತು ಪೆಟ್ಟಿಗೆ ಸೇರುತ್ತದೆ. ಬ್ರಿಟಿಷರ ಸೋಲಾ ಟೋಪಿಯ ಕಥೆಯೂ ಹೀಗೆಯೇ. 'ಸೋಲಾ' ಎಂಬುದು ಸೂರ್ಯನ ಹೆಸರಲ್ಲ. ಜೌಗಿನಲ್ಲಿ ಬೆಳೆಯುವ ಒಂದು ಗಿಡದ ಹೆಸರು. ಅದರ ಬೆಂಡಿನಿಂದ ಮಾಡಿದ ಟೋಪಿ ಹಗುರ, ತಂಪು, ಅಗಲವಾದ ಅಂಚಿನದು. ಉಪಕರಣವಾಗಿ ಅದರಲ್ಲಿ ದೋಷವಿರಲಿಲ್ಲ. ಆದರೆ ಅದು ದೊರೆತನದ ಲಾಂಛನವಾಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರೇ ಅದನ್ನು ಬಿಡತೊಡಗಿದರು. 1947ರ ನಂತರ ದೊರೆತನದೊಡನೆ ಅದೂ ಹೋಯಿತು. 1920ರ ಸುಮಾರಿಗೆ ಅಸಹಕಾರ ಚಳವಳಿಯೊಡನೆ ಹರಡಿದ ಗಾಂಧಿ ಟೋಪಿಯಾದರೋ ಉಪಯೋಗದ ದೃಷ್ಟಿಯಿಂದ ಯೋಚಿಸಿ ಮಾಡಿದುದು: ಹೊಲಿಯುವುದು ಸುಲಭ, ಮಡಿಸಿದರೆ ಜೇಬಿನಲ್ಲಿ ಹಿಡಿಯುತ್ತದೆ, ಬಿಳಿಯದಾದುದರಿಂದ ಕೊಳೆ ಮುಚ್ಚುವುದಿಲ್ಲ, ಒಗೆಯಲೇಬೇಕಾಗುತ್ತದೆ. ಕಾಲ ಕಳೆದಂತೆ ಅದೂ ಪಕ್ಷದ ಗುರುತಾಗಿ ಸಾಮಾನ್ಯರ ತಲೆಯಿಂದ ಇಳಿಯಿತು. ಲಾಂಛನಕ್ಕೆ ಬೆಲೆ ಇಳಿದಾಗ ಉಪಕರಣವೂ ಅದರ ಸಂಗಡ ಬೀದಿಗೆ ಬೀಳುತ್ತದೆ.

ಮುಟ್ಟಾಳೆಗೂ ಟವಲಿಗೂ ಒದಗಿದ್ದು ಇದಕ್ಕೆ ವಿರುದ್ಧವಾದ ಗತಿ. ಅವು ಬಡತನದ ಗುರುತಾದವು. ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ನಾವು ಕೆರೆಯ ಹೂಳು ಹೊರುತ್ತಿದ್ದೆವು. ಊರಿನ ಹಿರಿಯರೊಬ್ಬರು, "ಮಕ್ಕಳೇ, ತಲೆಗೆ ಏನಾದರೂ ಕಟ್ಟಿಕೊಳ್ಳಿರಪ್ಪ" ಎಂದು ಎರಡು ಸಲ ಹೇಳಿದರು. "ಕೂಲಿಯವರ ಹಾಗೆ ಕಾಣುತ್ತೇವೆ ಅಜ್ಜ" ಎಂದು ನಮ್ಮವನೊಬ್ಬ ನಕ್ಕ. ಹನ್ನೆರಡು ಗಂಟೆಯ ಹೊತ್ತಿಗೆ ನಮ್ಮ ಗೆಳೆಯನೊಬ್ಬ ಕಣ್ಣು ಕತ್ತಲೆ ಬಂದು ಕುಸಿದ. ಅವನನ್ನು ಮರದ ನೆರಳಿಗೆ ಒಯ್ದು, ತಲೆ ಮೈಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಿದರು. ಎಚ್ಚರವಾದ ಮೇಲೆ ನೀರು ಕುಡಿಸಿದರು. ದೇವರ ದಯೆಯಿಂದ ಅವನು ಬೇಗ ಚೇತರಿಸಿಕೊಂಡ. ಮೈಯ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತಡವರಿಸತೊಡಗಿದರೆ ಅದು ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳುತ್ತಾರೆ. ಅದೇ ಕೆರೆಯಲ್ಲಿ ನಮಗಿಂತ ಇಮ್ಮಡಿ ಮಣ್ಣು ಹೊತ್ತ ಹೆಂಗಸರು ಸೆರಗಿನ ಮೇಲೆ ಟವಲು ಸುತ್ತಿಕೊಂಡು, ಗಂಟೆಗೊಮ್ಮೆ ನೆರಳಿಗೆ ಬಂದು ನೀರು ಕುಡಿದು ಹೋಗುತ್ತಿದ್ದರು. ಟವಲೊಂದೇ ಅವರನ್ನು ಕಾಯಿತೆಂದು ನಾನು ಹೇಳುವುದಿಲ್ಲ; ನೀರೂ ನೆರಳೂ ಅಭ್ಯಾಸವೂ ಕಾದವು. ಆದರೆ ಆ ಅನುಭವವನ್ನು ನಾವು ಬೇಡವೆಂದದ್ದು ಅದು ಕೂಲಿಯವರದು ಎಂಬ ಒಂದೇ ಕಾರಣಕ್ಕೆ. ನಮ್ಮಲ್ಲಿ ಹಲವರ ಕಾಲೇಜಿನ ಫೀಜು ಅದೇ ಟವಲಿನ ಕೆಳಗೆ ಸಂಪಾದನೆಯಾದುದು.

ಕೊನೆಯದಾಗಿ ಹೆಲ್ಮೆಟ್ಟು. ಕಾಲೇಜಿನ ಮುಂದೆ ನಿಂತು ನೋಡಿದರೆ ಅದು ಕನ್ನಡಿಗೆ ನೇತುಬಿದ್ದಿರುತ್ತದೆ, ಮೊಣಕೈಗೆ ಸಿಕ್ಕಿಕೊಂಡಿರುತ್ತದೆ. ತಲೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕಾಯುತ್ತಿರುತ್ತದೆ. ನಿಧಾನವಾಗಿ ಹೋಗುವವರಿಗೆ ಅದು ಬೇಡವೆನ್ನುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ನಿಂತ ಬೈಕಿನಿಂದಲೇ ಉರುಳಿ, ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬೀಳುವುದೆಂದಿಟ್ಟುಕೊಳ್ಳಿ. ತಾಗುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಬರಿಯ ತಲೆ ರಸ್ತೆಗೆ ಬಡಿದು ಅರ್ಧ ಸೆಂಟಿಮೀಟರಿನೊಳಗೆ ನಿಂತರೆ, ಆ ಕ್ಷಣದ ಸರಾಸರಿ ಆಘಾತ ಗುರುತ್ವದ ಸುಮಾರು 300 ಪಟ್ಟು. ಹೆಲ್ಮೆಟ್ಟಿನ ಒಳಗಿನ ಬೆಂಡಿನಂಥ ಪದರವು ಎರಡೂವರೆ ಸೆಂಟಿಮೀಟರಿನಷ್ಟು ಕುಗ್ಗಿ ತಲೆಯನ್ನು ಮೆಲ್ಲಗೆ ನಿಲ್ಲಿಸಿದರೆ ಅದು ಸುಮಾರು 60 ಪಟ್ಟಿಗೆ ಇಳಿಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯು, ಹೆಲ್ಮೆಟ್ ಧರಿಸಿದ ಬೈಕ್ ಸವಾರರಲ್ಲಿ ಮರಣದ ಸಂಭವ ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ನೂರಕ್ಕೆ 69ರಷ್ಟು ಕಡಿಮೆಯೆಂದು ಕಂಡುಕೊಂಡಿತು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹಿಂದೆ ಕುಳಿತವರಿಗೂ ಅದನ್ನು ವಿಧಿಸುತ್ತದೆ. ಗಲ್ಲದ ಪಟ್ಟಿ ಬಿಗಿಯದಿದ್ದರೆ ಮಾತ್ರ ಎಲ್ಲವೂ ವ್ಯರ್ಥ. ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ಟು ದೂರ ಹಾರಿರುತ್ತದೆ. ಒಮ್ಮೆ ಬಲವಾಗಿ ಬಡಿದ ಹೆಲ್ಮೆಟ್ಟನ್ನು ಮತ್ತೆ ಬಳಸಲೂಬಾರದು; ಕುಗ್ಗಿದ ಪದರ ಮತ್ತೆ ಹಿಗ್ಗುವುದಿಲ್ಲ.

ಹೊರೆಗೆ ಸಿಂಬಿ, ನೇಜಿಗೆ ಗೊರಬು, ಬಿಸಿಲಿಗೆ ರುಮಾಲು, ಕೂಸಿಗೆ ಕುಲಾವಿ, ರಸ್ತೆಗೆ ಹೆಲ್ಮೆಟ್ಟು. ಇವುಗಳಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಕೆಲಸಕ್ಕೆ ಒದಗಿದುದೇ ಒಳ್ಳೆಯದು. ತಲೆಯೊಳಗೆ ವಿದ್ಯೆ ತುಂಬಿಸಿಕೊಳ್ಳಲು ಮೂರು ವರ್ಷ ಇಲ್ಲಿಗೆ ಬರುವ ನಾವು, ಆ ವಿದ್ಯೆಯ ಪಾತ್ರೆಯನ್ನು ಒಡೆಯದಂತೆ ಮನೆಗೆ ಒಯ್ಯುವ ಹೊಣೆಯನ್ನೂ ಹೊರಬೇಕು. ಕೂದಲು ಕೆದರಿದರೆ ಬಾಚಣಿಗೆ ಇದ್ದೇ ಇದೆ.